ತಂಡದ ಬಹುಮಾನವೂ ಒಬ್ಬೊಬ್ಬಳ ಹೆಸರೂ



ಬಿಳಿಕೆರೆ, ಹುಣಸೂರು ಕಡೆಯ ಹೆಣ್ಣುಮಕ್ಕಳಿಗೆ ಖೊಖೊ ಆಟವು ಹೊಸದಲ್ಲ. ಎರಡು ಕಂಬ, ಹಸನಾದ ನೆಲ, ಓಡುವ ಕಾಲುಗಳು ಇದ್ದರೆ ಸಾಕು. ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಎಂಬ ತರುಣಿಯು 2025ನೆಯ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಪ್ರಥಮ ವಿಶ್ವಕಪ್ಪಿನಲ್ಲಿ ಆಡಿ, ಭಾರತವು ನೇಪಾಳವನ್ನು 78–40ರಿಂದ ಸೋಲಿಸಿದ ಕಡೆಯ ಪಂದ್ಯದಲ್ಲಿ ಅತ್ಯುತ್ತಮ ಆಟಗಾರ್ತಿಯೆನ್ನಿಸಿಕೊಂಡುದು ನಮಗೆಲ್ಲ ಹೆಮ್ಮೆಯ ಸಂಗತಿಯಷ್ಟೆ.

ಆದರೆ ಆ ಆಟದ ರೀತಿಯನ್ನು ಕೊಂಚ ಯೋಚಿಸಿರಿ. ಅಟ್ಟುವವಳು ನಡುಗೆರೆಯನ್ನು ದಾಟುವಂತಿಲ್ಲ. ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ. ಆದುದರಿಂದ ಕುಳಿತ ಗೆಳತಿಯ ಬೆನ್ನು ಮುಟ್ಟಿ ತಕ್ಕ ಕ್ಷಣದಲ್ಲಿ 'ಖೋ' ಕೊಡಬೇಕು. ಎದುರಾಳಿಯನ್ನು ಮುಟ್ಟಿದವಳಿಗೆ ಚಪ್ಪಾಳೆ. ಸಮಯವರಿತು ಖೋ ಕೊಟ್ಟವಳನ್ನು ಕಂಡವರಾರು? ಹಳೆಯ ಪದ್ಧತಿಯಂತೆ ತಂಡಕ್ಕೆ 12 ಮಂದಿ, ಕಣಕ್ಕಿಳಿಯುವವರು 9. ಹೊರಗುಳಿದ ಮೂವರೂ ದಿನವೂ ಅಭ್ಯಾಸಕ್ಕೆ ಬಂದವರೇ ಅಲ್ಲವೆ?

ದೊಡ್ಡವರ ಲೋಕವೂ ಇಲ್ಲಿ ಎಡವಿದೆ. 1966ರಲ್ಲಿ ಇಂಗ್ಲೆಂಡು ಫುಟ್‌ಬಾಲ್ ವಿಶ್ವಕಪ್ಪನ್ನು ಗೆದ್ದಾಗ ಕಡೆಯ ಪಂದ್ಯವನ್ನಾಡಿದ 11 ಮಂದಿಗೆ ಮಾತ್ರ ಪದಕ ದೊರೆಯಿತು. ಮಿಕ್ಕವರಿಗೆ ಸಂದುದು 2009ರಲ್ಲಿ. 2025ರ ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನಲ್ಲಿ ಶತಕ ಹೊಡೆದ ಪ್ರತಿಕಾ ರಾವಲ್ ಗಾಯಗೊಂಡು ಹೊರಗಾದುದರಿಂದ, ಗೆಲುವಿನ ದಿನ ಅವರ ಕೊರಳಿಗೆ ಪದಕ ಬೀಳಲಿಲ್ಲ. ಅದು ಬಂದುದು ತಡವಾಗಿ.

ತಂಡಕ್ಕೊಂದು ಕಪ್ಪು ಕೊಟ್ಟು ಕಪಾಟಿನಲ್ಲಿಟ್ಟರೆ ಸಾಲದು. ಪ್ರತಿಯೊಬ್ಬಳಿಗೂ ಅವಳ ಹೆಸರು ಬರೆದ ಪಾರಿತೋಷಕವಿರಬೇಕೆಂಬುದು ನನ್ನ ಮತ. ಎಲ್ಲರಿಗೂ ಕೊಟ್ಟರೆ ಬಹುಮಾನದ ತೂಕ ತಗ್ಗುವುದೆಂದು ಕೆಲವರು ಆಕ್ಷೇಪಿಸುವರು. ಒಂದೇ ಅಚ್ಚಿನದನ್ನು ಹಂಚಿದರೆ ತಗ್ಗುವುದು ನಿಜ. ಆದರೆ "ಗಾಯಗೊಂಡ ಗೆಳತಿಯ ಸ್ಥಾನದಲ್ಲಿ ನಿಂತು ಆಡಿದಳು" ಎಂದು ಅವಳೊಬ್ಬಳಿಗೇ ಸಲ್ಲುವ ಒಂದು ಸಾಲಿದ್ದರೆ? ಇದಕ್ಕೆ ಉಪಾಧ್ಯಾಯಿನಿಯರು ವರುಷವೆಲ್ಲ ಗಮನಿಸಿ ಬರೆದಿಟ್ಟುಕೊಳ್ಳಬೇಕು. ಕಷ್ಟವಿರುವುದು ಇಲ್ಲಿಯೇ, ಹಣದಲ್ಲಲ್ಲ.

ನನ್ನ ಬಾಲ್ಯದ ಪ್ರಮಾಣಪತ್ರವೊಂದು ಈಗಲೂ ನನ್ನ ಬಳಿ ಇದೆ. ಅಧ್ಯಕ್ಷರ ಬಿರುದುಗಳೆಲ್ಲ ಅಚ್ಚುಕಟ್ಟಾಗಿ ಮುದ್ರಿತವಾಗಿವೆ. ನನ್ನ ಹೆಸರಿನ ಎಡೆ ಮಾತ್ರ ಬರಿದು! ತಾಯಿಯವರು ಅದನ್ನೇ ಬಹುಕಾಲ ಗೋಡೆಗೆ ತೂಗುಹಾಕಿದ್ದರು. ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮಗಳ ಹೆಸರು ಬರೆದ ವಸ್ತುವೆಂದರೆ ಅಂಥ ಕಾಗದವೊಂದೇ.

ಬೆಳ್ಳಿ ಬೇಡ, ಹಿತ್ತಾಳೆಯೂ ಬೇಡ. ದಪ್ಪ ಕಾಗದದ ಮೇಲೆ ಅಂದವಾದ ಕೈಬರಹ ಸಾಕು. ಹಳೆಯ ವಿದ್ಯಾರ್ಥಿನಿಯರಲ್ಲಿ ಬರಹ ಚೆನ್ನಾಗಿರುವವರು ಒಂದು ಮಧ್ಯಾಹ್ನ ಬಂದು ಕುಳಿತರೆ ಕೆಲಸ ಮುಗಿಯುವುದು. ಹೆಸರು ಬರೆಯುವ ಮುನ್ನ ಅದರ ಅಕ್ಷರಗಳನ್ನು ಆ ಹುಡುಗಿಯನ್ನೇ ಕೇಳಿಕೊಳ್ಳಲಿ.