ಮರೆಯಾಗುವ ದನಿಯ ವಾರ್ತೆ

ದೂರದ ರೇಡಿಯೋ ನಿಲಯಗಳು ಹಗಲಿಗಿಂತ ರಾತ್ರಿಯಲ್ಲಿ ಚೆನ್ನಾಗಿ ಕೇಳಿಸುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಭೂಮಿಯ ವಾಯುಮಂಡಲದ ಮೇಲ್ಭಾಗದಲ್ಲಿ ಸೂರ್ಯಕಿರಣಗಳ ಹೊಡೆತಕ್ಕೆ ಅನಿಲದ ಕಣಗಳಿಂದ ಎಲೆಕ್ಟ್ರಾನುಗಳು ಬೇರ್ಪಟ್ಟಿರುವುವು. ಅಯಾನುಮಂಡಲವೆಂದು ಹೆಸರಾದ ಈ ಪದರವೇ ಆ ತರಂಗಗಳನ್ನು ನೆಲದ ಕಡೆಗೆ ಮರಳಿಸತಕ್ಕದ್ದು. ಗುರುಗ್ರಹಕ್ಕೂ ಅದರ ಚಂದ್ರರಿಗೂ ಇಂತಹ ಮಂಡಲವುಂಟೇ? ಅಲ್ಲಿ ಇಳಿಯದೆಯೇ ಅದನ್ನರಿಯುವ ಬಗೆ ಹೇಗೆ?

ಉಪಾಯವು ಸರಳವಾದುದು. ವ್ಯೋಮನೌಕೆಯು ಒಂದೇ ಸಮನಾದ ರೇಡಿಯೋ ತರಂಗವನ್ನು ಭೂಮಿಯತ್ತ ಕಳುಹಿಸುತ್ತ ಗ್ರಹದ ಹಿಂದೆ ಸರಿಯುವುದು. ಪೂರ್ಣವಾಗಿ ಮರೆಯಾಗುವ ಮೊದಲು ಆ ತರಂಗವು ಗ್ರಹದ ಅಂಚಿನ ವಾಯುವನ್ನು ಹಾದುಬರಬೇಕಷ್ಟೆ. ಸಾಧಾರಣ ಅನಿಲವು ಅದನ್ನು ಒಂದು ಕಡೆಗೆ ಬಾಗಿಸಿದರೆ, ಎಲೆಕ್ಟ್ರಾನುಗಳು ವಿರುದ್ಧ ದಿಕ್ಕಿಗೆ ಬಾಗಿಸುವುವು. ಇದರಿಂದ ತರಂಗದ ಕಂಪನಸಂಖ್ಯೆಯಲ್ಲಿ ಅತ್ಯಲ್ಪವಾದ ವ್ಯತ್ಯಾಸವುಂಟಾಗುವುದು. ಅದನ್ನು ಇಲ್ಲಿ ಅಳೆದು, ಯಾವ ಎತ್ತರದಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆಯೆಂದು ಗಣಿತದಿಂದ ಕಂಡುಕೊಳ್ಳುವರು. 1965ರಲ್ಲಿ ಮ್ಯಾರಿನರ್ 4 ನೌಕೆಯು ಮಂಗಳನ ಹಿಂದೆ ಸರಿದಾಗ ಈ ರೀತಿಯು ಸಫಲವಾಯಿತು.

1973ರ ಡಿಸೆಂಬರಿನಲ್ಲಿ ಪಯೋನಿಯರ್ 10 ಗುರುವಿನ ಬಳಿ ಸಾರಿತು. ಅದರ ಪ್ರೇಷಕದ ಶಕ್ತಿ ಕೇವಲ 8 ವಾಟು. ಮನೆಯ ಚಿಕ್ಕದೊಂದು ದೀಪಕ್ಕೆ ಸಾಲುವಷ್ಟು. ಆ ಕ್ಷೀಣವಾದ ದನಿ ನಮ್ಮನ್ನು ಮುಟ್ಟಲು ಸುಮಾರು 46 ನಿಮಿಷಗಳು ಬೇಕಾದುವು. ನೌಕೆಯು ಅಯೋ ಎಂಬ ಚಂದ್ರನ ಹಿಂದೆಯೂ ಹಾದುಹೋಯಿತು. ಅಯೋ ನಮ್ಮ ಚಂದ್ರನಿಗಿಂತ ಸ್ವಲ್ಪವೇ ದೊಡ್ಡದು. ಅಷ್ಟು ಚಿಕ್ಕ ಗೋಳವು ನಮ್ಮ ಚಂದ್ರನಂತೆಯೇ ಬರಡಾಗಿದ್ದೀತೆಂದು ಎಣಿಸಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಅದರ ಹಗಲಿನ ಪಾರ್ಶ್ವದಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು 60,000 ಎಲೆಕ್ಟ್ರಾನುಗಳಿರುವ ಮಂಡಲವು ತೋರಿಬಂದಿತು. ಅಯಾನುಮಂಡಲವಿದ್ದಮೇಲೆ ಅದಕ್ಕೆ ಮೂಲವಾದ ಅನಿಲವೂ ಇರಲೇಬೇಕು. ಆ ಅನಿಲವೆಲ್ಲಿಯದು? ಉತ್ತರವು 1979ರ ಮಾರ್ಚಿಯಲ್ಲಿ ದೊರೆಯಿತು. ವಾಯೇಜರ್ 1 ಕಳುಹಿಸಿದ ಚಿತ್ರಗಳಲ್ಲಿ ಅಯೋವಿನ ಜ್ವಾಲಾಮುಖಿಗಳು ಗಂಧಕದ ಅನಿಲವನ್ನು ಆಕಾಶಕ್ಕೆ ಚಿಮ್ಮುತ್ತಿದ್ದುವು.

ಮುಂದೆ ಗೆಲಿಲಿಯೋ ನೌಕೆಯ ದೊಡ್ಡ ಆಂಟೆನವು 1991ರಲ್ಲಿ ಬಿಚ್ಚಿಕೊಳ್ಳದೆ ಹೋಯಿತು. ಆದರೂ ಚಿಕ್ಕ ಆಂಟೆನದ ದನಿಯಿಂದಲೇ ಯುರೋಪಾ ಎಂಬ ಹಿಮಾವೃತ ಚಂದ್ರನ ಅಯಾನುಮಂಡಲವನ್ನು ಕಂಡುಹಿಡಿದು 1997ರಲ್ಲಿ ಪ್ರಕಟಿಸಿದರು. 2021ರ ಜೂನ್ 7ರಂದು ಜೂನೋ ನೌಕೆಯು ಗ್ಯಾನಿಮೀಡಿನ ಹಿಂದೆ ಸರಿದು, ಅಲ್ಲಿನ ವಾರ್ತೆಯನ್ನೂ ಇದೇ ರೀತಿಯಲ್ಲಿ ತಂದಿತು.

ದನಿಯು ಮರೆಯಾಗುವ ಕ್ಷಣವನ್ನು ಸಂಪರ್ಕ ಕಡಿಯುವ ಹೊತ್ತೆಂದು ಬಗೆದು ಕಿವಿ ಮುಚ್ಚಿಕೊಳ್ಳಬಹುದಾಗಿತ್ತು. ಹಾಗೆ ಮಾಡದೆ ಕಡೆಯ ಎಳೆಯವರೆಗೂ ಆಲಿಸಿದುದರಿಂದಲೇ, ಕಣ್ಣಿಗೆ ಕಾಣದ ಆ ತೆಳುವಾದ ಹೊದಿಕೆಗಳು ನಮಗೆ ತಿಳಿದುಬಂದುವು.