ಕೆಟ್ಟಿರುವುದು ಯಂತ್ರವೋ, ವ್ಯವಸ್ಥೆಯೋ?

ನಾಡಿನ ವಿದ್ಯುತ್ತಿಗಾಗಿ ಸಾಗರ, ಹೊಸನಗರ ತಾಲ್ಲೂಕುಗಳು ಲಿಂಗನಮಕ್ಕಿಯ ಹಿನ್ನೀರಿಗೆ ನೆಲವನ್ನೇ ಬಿಟ್ಟುಕೊಟ್ಟವು. ವಿಪರ್ಯಾಸವೆಂದರೆ, ಇಲ್ಲಿಯೂ ನೆರೆಯ ತೀರ್ಥಹಳ್ಳಿಯಲ್ಲಿಯೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು, ವೋಲ್ಟೇಜ್ ಕುಸಿಯುವುದು ಹೊಸತಲ್ಲ. ಅದರ ಪೆಟ್ಟು ತಿನ್ನುವುದು ಮನೆಯ ಫ್ರಿಜ್.

ಫ್ರಿಜ್ ತಂಪಾಗದಿದ್ದರೆ ‘ಕಂಪ್ರೆಸರ್ ಹೋಗಿದೆ, ಹೊಸದೇ ಕೊಳ್ಳಿ’ ಎಂಬ ತೀರ್ಪು ಸುಲಭ. ಪರೀಕ್ಷಿಸದೆ ಅದನ್ನು ಒಪ್ಪುವುದು ಸಲ್ಲದು. ಮೊದಲು ವೋಲ್ಟೇಜ್ ಅಳೆಯಬೇಕು. ಕಂಪ್ರೆಸರ್ ಟಕ್ಕೆಂದು ಸದ್ದು ಮಾಡಿ ನಿಲ್ಲುತ್ತಿದ್ದರೆ ರಿಲೇ ಅಥವಾ ಕೆಪಾಸಿಟರ್ ಕೆಟ್ಟಿರಬಹುದು. ಅವು ಅಗ್ಗದ ಬಿಡಿಭಾಗಗಳು. ಓಡುತ್ತಿದ್ದೂ ತಂಪಾಗದಿದ್ದರೆ ಗ್ಯಾಸ್ ಸೋರಿಕೆಯನ್ನು ಶಂಕಿಸಬೇಕು. ಸೋರುವೆಡೆಯನ್ನು ಮುಚ್ಚದೆ ಗ್ಯಾಸ್ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಈಗಿನ ಅನೇಕ ಫ್ರಿಜ್‌ಗಳಲ್ಲಿರುವ ಐಸೋಬ್ಯೂಟೇನ್ ಬೆಂಕಿ ಹತ್ತುವ ಅನಿಲ. ಇದು ತರಬೇತಿ ಪಡೆದವರ ಕೆಲಸ.

ಕಂಪ್ರೆಸರ್ ಸುಟ್ಟು, ಫ್ರಿಜ್ಜೂ ಹಳತಾಗಿ, ದುರಸ್ತಿಯ ವೆಚ್ಚ ಹೊಸದರ ಅರ್ಧ ಬೆಲೆ ಮುಟ್ಟುವುದಾದರೆ ಬದಲಿಸುವುದೇ ವಿವೇಕ. ಆದರೆ ವೋಲ್ಟೇಜ್ ಸರಿಯಾಗದಿದ್ದರೆ, ಸ್ಟೆಬಿಲೈಸರ್ ಇಲ್ಲದಿದ್ದರೆ, ಹೊಸದೂ ಅದೇ ಹಾದಿ ಹಿಡಿದೀತು.

ಕೇಂದ್ರ ಸರ್ಕಾರ 2022ರಲ್ಲಿ ‘ದುರಸ್ತಿಯ ಹಕ್ಕಿ’ಗಾಗಿ ಜಾಲತಾಣ ತೆರೆಯಿತು. ಬಿಡಿಭಾಗವೂ ಪರಿಣತರೂ ಕಾಡಂಚಿನ ಒಂಟಿಮನೆಯನ್ನು ತಲುಪದ ಹೊರತು ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ತಯಾರಕರು ತಾಲ್ಲೂಕು ಕೇಂದ್ರಗಳಲ್ಲಿ ಬಿಡಿಭಾಗಗಳನ್ನು ಇರಿಸಬೇಕು. ಐಟಿಐಗಳು ಸ್ಥಳೀಯ ಯುವಕರನ್ನು ಈ ಕೆಲಸಕ್ಕೆ ಸಜ್ಜುಗೊಳಿಸಬೇಕು. ಮೆಸ್ಕಾಂ ಮಳೆಗೆ ಮುನ್ನವೇ ತಂತಿ ಮಾರ್ಗಗಳನ್ನು ಭದ್ರಪಡಿಸಬೇಕು. ನಾಡಿಗೆ ಬೆಳಕು ಕೊಟ್ಟ ಊರುಗಳು ಕೇಳುತ್ತಿರುವುದು ದಾನವನ್ನಲ್ಲ, ತಮಗೆ ಸಲ್ಲಬೇಕಾದುದನ್ನು.