ಕಂಬ ಕೆಡವಿದೆವು, ನಮ್ಮವರಿಗೆ ಕಲ್ಲು ನೆಟ್ಟೆವೇ?

ಬೆಂಗಳೂರಿನ ಹಡ್ಸನ್ ಸರ್ಕಲ್ಲಿನ ಸಿಗ್ನಲ್‌ನಲ್ಲಿ ನಿಂತರೆ ಕಾರ್ಪೊರೇಷನ್ ಕಟ್ಟಡವೂ ಅದರ ಮುಂದೆ ಕೆಂಪೇಗೌಡರ ಪ್ರತಿಮೆಯೂ ಕಾಣುತ್ತವೆ. ಅಲ್ಲೊಂದು ಎತ್ತರದ ಯುದ್ಧ ಸ್ಮಾರಕ ಇತ್ತೆಂಬುದು ಮಾಗಡಿ, ಕನಕಪುರ, ಮರಳವಾಡಿ ಕಡೆಯಿಂದ ದಿನಾ ಬಸ್ಸು ಹಿಡಿದು ಕೆಲಸಕ್ಕೆ ಹೋಗುವ ನಮ್ಮ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಅದನ್ನು ಸೆನೋಟಾಫ್ ಎನ್ನುತ್ತಿದ್ದರು. ಇಂದಿನ ನೃಪತುಂಗ ರಸ್ತೆ ಆಗ ಸೆನೋಟಾಫ್ ರೋಡ್. 1791ರಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರಿನ ಮೇಲೆ ಬಿದ್ದಾಗ ಸತ್ತ ಬ್ರಿಟಿಷರ ಕಡೆಯವರ ನೆನಪಿಗೆ ಕಟ್ಟಿದ್ದು. ಕನ್ನಡ ಚಳವಳಿಗಾರರು ಪಟ್ಟು ಹಿಡಿದ ಮೇಲೆ, 1964ರ ಅಕ್ಟೋಬರ್ 28ರಂದು ನಗರಪಾಲಿಕೆಯೇ ಅದನ್ನು ಕೆಡವಿಸಿತು.

ತೆಗೆದದ್ದು ತಪ್ಪೆಂದು ನಾನು ಹೇಳಲಾರೆ. ಗೆದ್ದವನು ಊರ ನಡುವೆ ನಿಲ್ಲಿಸಿದ ಕಂಬವನ್ನು ಸೋತವರ ಮಕ್ಕಳು ಎಷ್ಟು ಕಾಲ ಸುತ್ತಿಕೊಂಡು ಓಡಾಡಬೇಕು? ಒಡೆಯುವ ಬದಲು ಕಳಚಿ ಮ್ಯೂಸಿಯಮ್ಮಿಗೆ ಸಾಗಿಸಿದ್ದರೆ ಇನ್ನೂ ಒಳ್ಳೆಯದಿತ್ತು, ಅಷ್ಟೆ. ನನ್ನ ತಕರಾರು ಬೇರೆ. ಅವರ ಸತ್ತವರ ಕಲ್ಲನ್ನು ಕಿತ್ತ ನಾವು, ಅದೇ ಯುದ್ಧದಲ್ಲಿ ಸತ್ತ ನಮ್ಮವರಿಗೆ ಒಂದು ಕಲ್ಲು ನೆಡಲಿಲ್ಲ.

1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆ ಬಿತ್ತು, 21ರ ರಾತ್ರಿ ಕೋಟೆ. ಕಿಲ್ಲೇದಾರ ಬಹದ್ದೂರ್ ಖಾನ್ ಕಾದಾಡುತ್ತಲೇ ಸತ್ತ. ಪೇಟೆಯ ಕಾಳಗದಲ್ಲಿ ಮಡಿದ ಕರ್ನಲ್ ಮೂರ್‌ಹೌಸ್‌ನ ಸಾವನ್ನು ರಾಬರ್ಟ್ ಹೋಮ್ ಎಂಬ ಚಿತ್ರಕಾರ ದೊಡ್ಡ ಚಿತ್ರವನ್ನಾಗಿ ಬರೆದ. ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗವನ್ನು ತೋರಿಸುವ ಫಲಕ ಕೋಟೆಯಲ್ಲಿ ಇವತ್ತಿಗೂ ಇದೆ. ಆ ಗೋಡೆಯ ಒಳಗಡೆ ನಿಂತು ತಡೆದ ಮೈಸೂರಿನ ಸಿಪಾಯಿಗಳ ಹೆಸರು ಮಾತ್ರ ಎಲ್ಲೂ ಕಾಣುವುದಿಲ್ಲ.

ಬೆಂಗಳೂರಿನ ಮಾತು ಹಾಗಿರಲಿ, ಯುದ್ಧ ನಮ್ಮ ಮನೆ ಬಾಗಿಲಿಗೂ ಬಂದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟಿಷರು ಮಾಗಡಿ ಬಳಿಯ ಸಾವನದುರ್ಗದ ಸುತ್ತಲಿನ ಬಿದಿರು ಮೆಳೆ ಕಡಿದು, ಬಂಡೆಗಳ ಮೇಲೆ ಫಿರಂಗಿ ಎಳೆದು ತಂದು ಹೊಡೆದರು. 21ರಂದು ದುರ್ಗ ಬಿತ್ತು. ಓಡಲು ದಾರಿ ಸಿಗದ ಸಿಪಾಯಿಗಳಲ್ಲಿ ಅನೇಕರು ಕಡಿದಾದ ಬಂಡೆಯಿಂದ ಉರುಳಿ ಸತ್ತರು. ಕೆಲವೇ ದಿನಗಳಲ್ಲಿ ರಾಮಗಿರಿ, ಹುತ್ರಿದುರ್ಗಗಳೂ ಕೈತಪ್ಪಿದವು.

ಇವತ್ತು ಭಾನುವಾರ ಸಾವನದುರ್ಗದ ಕರಿಗುಡ್ಡ ಹತ್ತುವವರು ಬಂಡೆಯ ಮೇಲಿನ ಬಿಳಿ ಬಾಣದ ಗುರುತು ಹಿಡಿದು ಹೋಗುತ್ತಾರೆ. ನಡುವೆ ಮುರಿದ ಕೋಟೆಗೋಡೆಗೆ ಒರಗಿ ನೀರು ಕುಡಿಯುತ್ತಾರೆ, ತುದಿಯ ನಂದಿಯ ಹತ್ತಿರ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ಅವರದೇನೂ ತಪ್ಪಿಲ್ಲ. ಒರಗಿದ್ದು ಯಾವ ಗೋಡೆ, ಅಲ್ಲಿ ಏನಾಯಿತು ಎಂದು ಹೇಳುವವರು ಬೇಕಲ್ಲ?

ಸತ್ತವರಿಗೆ ಕಲ್ಲು ನಿಲ್ಲಿಸುವುದನ್ನು ನಮಗೆ ಇಂಗ್ಲಿಷರು ಕಲಿಸಬೇಕಿರಲಿಲ್ಲ. ದನ ಕಾಯಲು ಹೋಗಿ ಕಳ್ಳರೊಂದಿಗೆ ಹೊಡೆದಾಡಿ ಸತ್ತವನಿಗೂ ನಮ್ಮ ಹಳ್ಳಿಗಳು ವೀರಗಲ್ಲು ಹಾಕಿಸಿದವು: ಕೆಳಗೆ ಕಾಳಗ, ಮೇಲೆ ಅಪ್ಸರೆಯರು, ಅದರ ಮೇಲೆ ಲಿಂಗದ ಮುಂದೆ ಕೂತ ವೀರ. ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೂ ಬೇಗೂರಿನ ನಾಗೇಶ್ವರ ದೇವಸ್ಥಾನದ ವೀರಗಲ್ಲಿನಲ್ಲಿ, ಸುಮಾರು ಕ್ರಿ.ಶ. 890ರದು. ಬೆಂಗಳೂರಿನ ಹೆಸರನ್ನು ಉಳಿಸಿಕೊಟ್ಟಿದ್ದೇ ಒಂದು ಯುದ್ಧ ಸ್ಮಾರಕ. ಅಂಥ ನಾಡಿನಲ್ಲಿ ಸಾವನದುರ್ಗದವರಿಗೆ ಕಲ್ಲಿಲ್ಲ ಎಂದರೆ ನನಗೆ ಸಂಕಟವಾಗುತ್ತದೆ.

ಆಗ ಮೈಸೂರಿನ ದೊರೆಯಾಗಿದ್ದ ಟಿಪ್ಪುವಿನ ಹೆಸರೆತ್ತಿದರೆ ಜಗಳ ಎಂದು ಅಧಿಕಾರಿಗಳು ಹಿಂಜರಿಯಬಹುದು. ನಾನು ಕೇಳುತ್ತಿರುವುದು ದೊರೆಯ ಪ್ರತಿಮೆಯಲ್ಲ, ಸಂಬಳಕ್ಕೆ ದುಡಿದು ಅಲ್ಲೇ ಸತ್ತ ಕಾವಲಿನವರಿಗೆ ಒಂದು ಕಲ್ಲು. ಬೆಟ್ಟದ ಬುಡದಲ್ಲಿ, ವೀರಭದ್ರಸ್ವಾಮಿ ಗುಡಿಗೆ ಬರುವ ಭಕ್ತರಿಗೂ ಚಾರಣದವರಿಗೂ ಕಾಣುವ ಕಡೆ ಅದನ್ನು ನಿಲ್ಲಿಸಲಿ. ತಾರೀಕು ಬರೆಯಲಿ, ನಡೆದದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ. ಹೆಸರು ಸಿಕ್ಕಷ್ಟನ್ನು ಕೆತ್ತಿ, ಮುಂದೆ ಸಿಗುವ ಹೆಸರುಗಳಿಗೂ ಜಾಗ ಬಿಡಲಿ. ಕಲ್ಲಿಗಂತೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಮಾಗಡಿಯ ಜನಪ್ರತಿನಿಧಿಗಳು ಬರುವ ಡಿಸೆಂಬರ್ 21ರೊಳಗೆ ಈ ಕೆಲಸಕ್ಕೆ ಕೈ ಹಾಕಲಿ.